ಬ್ಲಫ್ ಹೊಡೆಯದ ಬಣ್ಣ

ಮಳವಳ್ಳಿ ಕಡೆಯಿಂದ ಶಿವನಸಮುದ್ರಕ್ಕೆ ಹೋದವರಿಗೆ ಬ್ಲಫ್ ಗೊತ್ತಿರುತ್ತೆ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ವಿದ್ಯುದಾಗಾರದ ಊರು. ಹೆಸರು ಕೇಳಿ ನಗೋರಿಗೆ ಒಂದು ಮಾತು: ಇಂಗ್ಲಿಷಿನಲ್ಲಿ ಕಡಿದಾದ ದಿಣ್ಣೆಗೂ ಬ್ಲಫ್ ಅಂತಾರೆ. ಸುಳ್ಳು ಅನ್ನೋ ಅರ್ಥದ ಬ್ಲಫ್ ಬೇಕಿದ್ರೆ ನೀರಿನ ರಿಪೋರ್ಟುಗಳಲ್ಲಿ ಹುಡುಕಬಹುದು :)

ನಾನು ಹೇಳ್ತಿರೋದು ನೀರಿನಲ್ಲಿ ಕರಗಿರೋ ಕಬ್ಬಿಣದ ಲೆಕ್ಕ. ಅಲ್ಲೇ ಗಗನಚುಕ್ಕಿಯಲ್ಲಿ ಕಾವೇರಿ ಬಂಡೆಯಿಂದ ಬಂಡೆಗೆ ಬಿದ್ದು ನೊರೆನೊರೆಯಾಗಿ ಗಾಳಿ ಕುಡೀತಾಳೆ. ಗಾಳಿ ಬೆರೆತ ನೀರಲ್ಲಿ ಕಬ್ಬಿಣ ಕರಗಿ ನಿಲ್ಲೋದು ಕಷ್ಟ, ತುಕ್ಕಾಗಿ ಬೇರೆಯಾಗುತ್ತೆ. ಬೋರ್‌ವೆಲ್ ನೀರು ಹಾಗಲ್ಲ. ನೆಲದಾಳದಲ್ಲಿ ಗಾಳಿ ಇಲ್ಲದ ಕಡೆ ಫೆರಸ್ ರೂಪದ ಕಬ್ಬಿಣ ಸದ್ದಿಲ್ಲದೆ ಕರಗಿರುತ್ತೆ. ಬೋರಿನಿಂದ ಬಂದಾಗ ನೀರು ಸ್ಫಟಿಕದ ಹಾಗೆ ತಿಳಿ. ಕೊಡದಲ್ಲಿ ಇಟ್ಟು ಒಂದು ಹೊತ್ತು ಬಿಟ್ಟು ನೋಡಿ, ಹಳದಿ, ಆಮೇಲೆ ಕಂದು. ಎಲ್ಲ ಬೋರೂ ಹೀಗೇ ಅಂತಲ್ಲ. ಆದರೆ ಇರೋ ಕಡೆ ಬಿಳಿ ಪಂಚೆ ಒಗೆದವರಿಗೆ ಗೊತ್ತು!

ಇದನ್ನು ಬಣ್ಣದಿಂದ ಹಿಡಿಯೋದು ನಮಗೆ ಹೊಸದೇನಲ್ಲ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿದ್ರೆ ಕಪ್ಪು ಮಸಿ. ಅನ್ನಭೇದಿ ಅಂದ್ರೆ ಕಬ್ಬಿಣದ ಉಪ್ಪೇ. ಕಬ್ಬಿಣದ ನೀರಲ್ಲಿ ಟೀ ಕಪ್ಪಗಾಗೋದೂ ಅದೇ ಕಾರಣಕ್ಕೆ. ಲ್ಯಾಬಿನವರು ಫಿನಾಂತ್ರೋಲಿನ್ ಅನ್ನೋ ರಾಸಾಯನಿಕ ಹಾಕ್ತಾರೆ. ಅದರ ಮೂರು ಅಣು ಒಂದು ಫೆರಸ್ ಕಬ್ಬಿಣವನ್ನು ಸುತ್ತಿಕೊಂಡು ಕಿತ್ತಳೆ ಕೆಂಪು ಬಣ್ಣ ಕೊಡುತ್ತೆ. ಬಣ್ಣ ಗಾಢವಾದಷ್ಟೂ ಕಬ್ಬಿಣ ಜಾಸ್ತಿ. 510 ನ್ಯಾನೋಮೀಟರ್ ಬೆಳಕು ಹಾಯಿಸಿ ಅಳೆದರೆ ಅಂಕಿ ಸಿಗುತ್ತೆ. ಫೆರಿಕ್ ಆಗಿಬಿಟ್ಟಿದ್ದರೆ ಮೊದಲು ಹೈಡ್ರಾಕ್ಸಿಲಮೀನ್ ಹಾಕಿ ಮತ್ತೆ ಫೆರಸ್ ಮಾಡಿಕೊಳ್ಳಬೇಕು, ಅಷ್ಟೇ.

ವಿಧಾನದಲ್ಲಿ ತಪ್ಪಿಲ್ಲ. ತಪ್ಪಾಗೋದು ಬಾಟಲಿಯಲ್ಲಿ. ಸೋಮವಾರ ತುಂಬಿಸಿದ ನೀರು ಗುರುವಾರ ಲ್ಯಾಬಿನಲ್ಲಿ ತೆರೆಯೋ ಹೊತ್ತಿಗೆ ಕಬ್ಬಿಣ ತಳ ಸೇರಿರುತ್ತೆ, ಗೋಡೆಗೆ ಅಂಟಿರುತ್ತೆ. ಮೇಲಿನ ತಿಳಿ ಬಗ್ಗಿಸಿ ಬಣ್ಣ ನೋಡಿದ್ರೆ ಏನಿರುತ್ತೆ? ಯಂತ್ರ ನಿಜ ಹೇಳುತ್ತೆ, ಆದರೆ ಬೇರೆ ನೀರಿನ ಬಗ್ಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

"ಕಬ್ಬಿಣ ವಿಷ ಅಲ್ಲವಲ್ಲ, ಯಾಕಿಷ್ಟು ರಂಪ?" ಅಂತ ಕೇಳಬಹುದು. ನಿಜ, ಫ್ಲೋರೈಡಿನ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕೆ ಆರೋಗ್ಯದ ಲೆಕ್ಕದ ಮಿತಿ ಇಟ್ಟಿಲ್ಲ. ನಮ್ಮ ಐಎಸ್ 10500 ಮಾನಕ 2012ರಲ್ಲಿ ಲೀಟರಿಗೆ 0.3 ಮಿಲಿಗ್ರಾಂ ಅಂದಿತ್ತು, 2015ರ ತಿದ್ದುಪಡಿಯಲ್ಲಿ 1.0 ಆಯಿತು. ಆದರೆ ರುಚಿ ಕೆಟ್ಟ, ಬಟ್ಟೆಗೆ ಕಲೆ ಬಿಡೋ ನೀರನ್ನು ಜನ ಕುಡಿಯಲ್ಲ. ತಿಳಿಯಾಗಿ ಕಾಣೋ ಇನ್ನೊಂದು ನೀರಿಗೆ ಹೋಗ್ತಾರೆ. ಅದರಲ್ಲಿ ಏನಿದೆ ಅಂತ ಯಾರು ನೋಡಿದ್ದಾರೆ? ಕಣ್ಣೆದುರು ಕೆಂಪು ಕಾಣ್ತಿದ್ದರೂ "ಸರಿಯಾಗಿದೆ" ಅಂತ ರಿಪೋರ್ಟು ಬಂದರೆ, ನಾಳೆ ಫ್ಲೋರೈಡ್, ನೈಟ್ರೇಟ್ ಇದೆ ಅಂತ ಎಚ್ಚರಿಸೋ ರಿಪೋರ್ಟನ್ನೂ ಯಾರೂ ನಂಬಲ್ಲ. ನನಗೆ ಹೆದರಿಕೆ ಇದರದ್ದೇ.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ಪರೀಕ್ಷಾ ಕಿಟ್ ಬಳಸೋ ತರಬೇತಿ ಕೊಡಬೇಕು ಅಂತ ಹೇಳುತ್ತೆ. ಕಿಟ್ಟಿನ ಬಣ್ಣದ ಕಾರ್ಡು ನೋಡಿ ಕಣ್ಣಂದಾಜಲ್ಲಿ ಹೇಳೋದು ಎಷ್ಟು ನಿಖರ ಅಂತ ಮೂಗು ಮುರಿಯೋರಿದ್ದಾರೆ. ನನ್ನ ಪ್ರಕಾರ, ಬೋರಿನ ಬಾಯಲ್ಲೇ, ನೀರು ಗಾಳಿ ಕುಡಿಯೋ ಮೊದಲು ಹಾಕಿದ ನಾಲ್ಕು ಹನಿ, ಮೂರು ದಿನ ಹಳೇ ಬಾಟಲಿಯ ಎರಡು ದಶಮಾಂಶಕ್ಕಿಂತ ಮೇಲು.

ಲ್ಯಾಬಿಗೂ ಕಳಿಸಿ, ಬೇಡ ಅಂದೋರ್ಯಾರು? ಆದರೆ ಪೈಪಿನ ತುಕ್ಕು ಹೋಗೋ ತನಕ ನೀರು ಬಿಟ್ಟು ಹಿಡಿಯಲಿ. ಕರಗಿದ್ದರ ಲೆಕ್ಕ ಬೇಕಿದ್ದರೆ ಅಲ್ಲೇ ಸೋಸಿ, ಆಮೇಲೆ ಆಮ್ಲ ಹಾಕಿ ಮುಚ್ಚಲಿ. ಸೋಸದೆ ಆಮ್ಲ ಹಾಕಿದರೆ ತುಕ್ಕೂ ಕರಗಿ ಒಟ್ಟು ಕಬ್ಬಿಣದ ಲೆಕ್ಕ ಬರುತ್ತೆ. ಅದೂ ಬೇಕು, ಆದರೆ ಯಾವುದು ಯಾವುದು ಅಂತ ಬರೀಲಿ. ಎಷ್ಟು ಹೊತ್ತಿಗೆ ಹಿಡಿದದ್ದು, ಎಷ್ಟು ಹೊತ್ತಿಗೆ ಪರೀಕ್ಷಿಸಿದ್ದು, ಎರಡೂ ರಿಪೋರ್ಟಿನ ಮೇಲೆ ಇರಲಿ. ಹಾಲಿನ ಡೇರಿಯಲ್ಲಿ ಕೊಡದೆ ಬಿಡದ ಲೆಕ್ಕದ ಚೀಟಿ ನೀರಿಗೆ ಯಾಕಿಲ್ಲ?

ನಿಮ್ಮೂರಲ್ಲಿ ಆ ಕಿಟ್ಟು ಬೋರಿನ ಹತ್ತಿರ ಇದೆಯೋ, ಪಂಚಾಯ್ತಿ ಬೀರುವಿನಲ್ಲಿ ಇದೆಯೋ? ಒಮ್ಮೆ ವಿಚಾರಿಸಿ ನೋಡಿ.