ವಾರದ ರಜೆಯೂ ಗೋದಾವರಿಯ ಹಕ್ಕಿಗಳೂ

ಅಲ್ಪ ವೆಚ್ಚದಲ್ಲಿ ದೂರದ ದ್ವೀಪಗಳಿಗೆ ಹೋಗಿ ಅಪೂರ್ವವಾದ ಹಕ್ಕಿಗಳನ್ನು ಕಂಡುಬರುವ ಹವ್ಯಾಸವು ಈಚೆಗೆ ನಮ್ಮ ತರುಣರ ಮನಸ್ಸನ್ನೂ ಸೆಳೆಯುತ್ತಿದೆ. ಆಸೆಯೇನೋ ಒಳ್ಳೆಯದೇ. ಅಂಡಮಾನಿನ ಪೂರ್ವಕ್ಕಿರುವ ನಾರ್ಕೊಂಡಂ ಎಂಬ ಪುಟ್ಟ ದ್ವೀಪದ ಮಂಗಟ್ಟೆಯು ಪ್ರಪಂಚದ ಬೇರಾವ ನೆಲದಲ್ಲಿಯೂ ಇಲ್ಲ. ಲಕ್ಷದ್ವೀಪದ ಪಿಟ್ಟಿ ಎಂಬ ನಿರ್ಜನ ದಿಣ್ಣೆಯ ಮೇಲೆ ಕಡಲಹಕ್ಕಿಗಳು ಗೂಡುಕಟ್ಟುತ್ತವೆ. ಘಟ್ಟದ ಕಾಡಿನಲ್ಲಿ ಮಂಗಟ್ಟೆಯ ಕೂಗು ಕೇಳಿ ಬೆಳೆದವರಿಗೆ ಇವೆಲ್ಲವನ್ನೂ ನೋಡಬೇಕೆನಿಸುವುದು ಸಹಜವೇ. ಆದರೆ ಅಲ್ಲಿಗೆ ಹೋಗಲು ಪರವಾನಗಿ ಬೇಕು, ಹಡಗು ಬೇಕು, ದಿನಗಟ್ಟಲೆ ಬಿಡುವು ಬೇಕು. ಸಂಬಳದ ಬಹುಭಾಗವನ್ನು ಊರಿಗೆ ಕಳುಹಿಸುವವನ ಪಾಲಿಗೆ ಅದು ಅಲ್ಪ ವೆಚ್ಚವೆನಿಸಲಾರದು.

ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆಯು ಇಲ್ಲಿ ನೆನಪಾಗುತ್ತದೆ. ನಾಸಿಕದಿಂದ 50 ಕಿಲೋಮೀಟರಿನೊಳಗೆ, ನಿಫಾಡ ತಾಲೂಕಿನಲ್ಲಿ, ಗೋದಾವರಿಯೂ ಕಾದವಾ ನದಿಯೂ ಕೂಡುವ ಎಡೆಯಲ್ಲಿ ನಾಂದೂರ್ ಮಧ್ಮೇಶ್ವರವಿದೆ. ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡಿನ ಹಿಂದೆ ನದಿಗಳು ಹೊತ್ತು ತಂದ ಹೂಳು ನಿಂತು ನಡುಗಡ್ಡೆಗಳೂ ಜವುಗು ನೆಲವೂ ಉಂಟಾದುವು. ಹಕ್ಕಿಗಳು ಅದನ್ನು ತಮ್ಮದಾಗಿ ಮಾಡಿಕೊಂಡುವು. ಅದು ಮಹಾರಾಷ್ಟ್ರದ ಮೊದಲನೆಯ ರಾಮ್‌ಸಾರ್ ತಾಣವಾಗಿ ಜಾಗತಿಕ ಮನ್ನಣೆಯನ್ನು ಪಡೆಯಿತು. ನಿಫಾಡದವರೆಗೆ ಎಸ್.ಟಿ. ಬಸ್ಸೂ ರೈಲೂ ಇವೆ. ಮುಂದಿನ ದಾರಿಗೆ ನಾಲ್ವರು ಕೂಡಿ ರಿಕ್ಷಾ ಹಿಡಿದರೆ ಸಾಕು.

ಛತ್ರಪತಿ ಸಂಭಾಜಿನಗರದ ಬಂಧುಗಳಿಗೂ ಕೊರತೆಯಿಲ್ಲ. ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಪೈಠಣದ ಬಳಿ, 1965ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟು 1976ರಲ್ಲಿ ಉದ್ಘಾಟನೆಗೊಂಡ ಜಾಯಕವಾಡಿ ಅಣೆಕಟ್ಟಿದೆ. ಅದರ ಹಿಂದೆ ಹರಡಿರುವ ನಾಥಸಾಗರದಲ್ಲಿ ನೀರಿಳಿದಂತೆ ನಡುಗಡ್ಡೆಗಳು ತಲೆಯೆತ್ತುತ್ತವೆ. ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುತ್ತವೆ. ಇಡೀ ದಿನ ಬಿಡುವಿಲ್ಲದವರಿಗೆ ನಗರದೊಳಗೇ ಸಲೀಂ ಅಲಿ ಸರೋವರವಿದೆ. 1940ರಲ್ಲಿ ಮೈಸೂರು ಅರಸರ ಮನವೊಲಿಸಿ, ಕಾವೇರಿಯ ನಡುಗಡ್ಡೆಗಳಾದ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದ ಮಹನೀಯರ ಹೆಸರೇ ಆ ಕೆರೆಗಿರುವುದನ್ನು ಕನ್ನಡಿಗರು ಅರಿತಿರಬೇಕು.

ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಗೋದಾವರಿಯ ಈ ನೀರುಗಳಿಗೆ ಬರುತ್ತವೆ. ಅದೇ ಜಾತಿಯ ಹಕ್ಕಿಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇಳಿಯುತ್ತವೆ. ಅನ್ನಕ್ಕಾಗಿ ದೂರ ಬಂದು, ಕಾಲ ಬಂದಾಗ ಊರಿಗೆ ಮರಳುವುದು ಎಂತಹುದೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಿರಲು ನಮ್ಮವರಲ್ಲಿ ಬಹುಮಂದಿ ಇವನ್ನು ಕಾಣದೆ ಇರುವುದೇಕೆ? ಬಸ್ಸಿನ ದುಡ್ಡಿಗೆ ಬರವಿದ್ದೀತೆಂದು ನಾವು ಭಾವಿಸುವುದಿಲ್ಲ. ಬರವಿರುವುದು ದಿನಕ್ಕೆ. ಕಚೇರಿಯ ಗುಮಾಸ್ತನಿಗೆ ಭಾನುವಾರವಾದರೂ ಇದೆ. ನಸುಕಿನಲ್ಲಿ ಇಡ್ಲಿಯ ಹಬೆಯೆದುರು ನಿಂತು ರಾತ್ರಿ ಮೇಜು ಒರೆಸಿ ಮಲಗುವ ಹುಡುಗನಿಗೆ ಭಾನುವಾರವೇ ಹೆಚ್ಚಿನ ದುಡಿಮೆ. ಹೋಟೆಲು ಕೆಲಸಗಾರನಿಗೆ ವಾರಕ್ಕೊಂದು ದಿನದ ರಜೆ ಸಲ್ಲತಕ್ಕದ್ದೆಂದು 1948ರ ಮುಂಬಯಿ ಅಂಗಡಿಗಳ ಕಾಯಿದೆಯೇ ವಿಧಿಸಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರ ಕಾಯಿದೆಯೂ ವಾರಕ್ಕೆ ಸತತ 24 ಗಂಟೆಗಳ ಬಿಡುವಿನ ತತ್ತ್ವವನ್ನೇ ಎತ್ತಿಹಿಡಿದಿದೆ. ಸಣ್ಣ ಹೋಟೆಲುಗಳಿಗೆ ಕಾಯಿದೆಯ ಕಲಮು ತಾಗದಿದ್ದರೂ ನ್ಯಾಯವು ತಾಗದಿರದು. ಅರ್ಧ ದಿನ ಬಿಟ್ಟು ಸಂಜೆಗೆ ಮತ್ತೆ ಕರೆಸಿಕೊಳ್ಳುವುದು ರಜೆಯೆನಿಸದು.

ಹೊಟ್ಟೆಪಾಡಿನವರಿಗೆ ಹಕ್ಕಿಯ ಚಿಂತೆ ಏತಕ್ಕೆಂದು ಕೆಲವರು ನಗಬಹುದು. ಹಗಲೆಲ್ಲ ಒಲೆಯ ಹೊಗೆಯಲ್ಲಿ, ಗಿರಾಕಿಯ ಗದರಿಕೆಯಲ್ಲಿ ಕಳೆಯುವವನ ಕಣ್ಣಿಗೆ ತೆರೆದ ನೀರೂ ಆಕಾಶವೂ ಬೇಡವೆನ್ನುವುದು ಯಾವ ನ್ಯಾಯ? ಬಿಡುವೇ ಇಲ್ಲದ ತರುಣನು ಸಿಕ್ಕ ಎರಡು ಗಳಿಗೆಯನ್ನು ಜೂಜಿಗೋ ಕುಡಿತಕ್ಕೋ ಕಳೆದರೆ ಮಾಲಕರೂ ಹಿರಿಯರೂ ಹಲುಬುತ್ತಾರೆ. ಬೇರೆ ದಾರಿಯನ್ನು ತೋರಿಸಿದವರೆಷ್ಟು ಮಂದಿ?

ಆದುದರಿಂದ ಮಾಲಕರಲ್ಲಿ ನಮ್ಮ ವಿನಂತಿಯಿದು: ಸರದಿಯ ಪ್ರಕಾರ ಪ್ರತಿಯೊಬ್ಬನಿಗೂ ವಾರದಲ್ಲೊಂದು ಪೂರ್ಣ ದಿನವನ್ನು ಕೊಡಿರಿ. ಕನ್ನಡ ಸಂಘಗಳು ನವೆಂಬರಿನಿಂದ ಫೆಬ್ರವರಿಯವರೆಗೆ ತಿಂಗಳಿಗೊಂದು ಪ್ರವಾಸವನ್ನು ಏರ್ಪಡಿಸಲಿ. ರಾಜ್ಯೋತ್ಸವದ ಖರ್ಚಿನಲ್ಲಿ ಒಂದಿಷ್ಟು ಉಳಿಸಿ ಎರಡು ದೂರ್ಬೀನುಗಳನ್ನು ಕೊಂಡರೆ ಅವು ಹಲವು ವರ್ಷ ಬಾಳುವುವು. ತರುಣರು ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸಿಗೇ ಹೊರಡಲಿ. ನೀರಿನ ಬಳಿ ಗದ್ದಲವೂ ಹಾಡಿನ ಅಬ್ಬರವೂ ಸಲ್ಲವು; ತಿಂದ ಪೊಟ್ಟಣದ ಕಸವನ್ನು ಮರಳಿ ತರತಕ್ಕದ್ದು; ಗೂಡಿರುವ ನಡುಗಡ್ಡೆಯ ಮೇಲೆ ಕಾಲಿಡಲೇಬಾರದು. ಮುಂದೆಂದಾದರೂ ಅಂಡಮಾನಿಗೆ ಹೋಗುವ ಭಾಗ್ಯ ಬಂದರೆ ಬರಲಿ. ಈ ಚಳಿಗಾಲದ ಹಕ್ಕಿಗಳು ಮಾತ್ರ ಬೇಸಗೆಯಾಗುವುದರೊಳಗೆ ಉತ್ತರಕ್ಕೆ ಹೊರಟುಹೋಗುವುವು. ರಜೆಯ ಏರ್ಪಾಡು ಅದಕ್ಕೆ ಮುನ್ನವೇ ಆಗಬೇಕು.