ಡೆಂಟಲ್ ಸೀಟು: ಕಟ್ಟಡ ನೋಡ್ಬೇಡಿ, ಕ್ಯೂ ನೋಡಿ

ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಪಕ್ಕದ ಟೀಮಿನ ಹುಡುಗನೊಬ್ಬ ಒಂದು ಪ್ರಶ್ನೆ ಹಾಕಿದ. ಅವನ ತಂಗಿಗೆ ಎರಡು ಡೆಂಟಲ್ ಕಾಲೇಜಲ್ಲಿ ಸೀಟು ಸಿಕ್ಕಿದ್ರೆ ಯಾವುದಕ್ಕೆ ಸೇರಿಸೋದು ಅಂತ. ಟೇಬಲ್ಲಲ್ಲಿ ಇದ್ದವರು ಐದು ಜನ, ಎಲ್ಲರೂ ಇಂಜಿನಿಯರುಗಳು, ಆದ್ದರಿಂದ ಎಲ್ಲರಿಗೂ ಎಲ್ಲಾ ವಿಷಯ ಗೊತ್ತು :) ಒಬ್ಬ ರ‍್ಯಾಂಕ್ ನೋಡು ಅಂದ. ಒಬ್ಬ ಕ್ಯಾಂಪಸ್ ನೋಡು ಅಂದ. ಇನ್ನೊಬ್ಬಳು "ಡೀಮ್ಡ್ ಯೂನಿವರ್ಸಿಟಿ ಆದ್ರೆ ಕಣ್ಣುಮುಚ್ಚಿ ಸೇರಿಸು" ಅಂದ್ಲು. ಅಲ್ಲಿಗೆ ದಿನಾ ಎಷ್ಟು ಜನ ಹಲ್ಲು ತೋರಿಸ್ಕೊಳ್ಳೋಕೆ ಬರ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ನನಗೆ ನಿಜಕ್ಕೂ ಸಿಟ್ಟು ಬಂತು. ಯಾಕಂದ್ರೆ 2022ರಲ್ಲಿ ಇದೇ ಮಾತುಗಳನ್ನ ನಮ್ಮ ಚಿಕ್ಕಪ್ಪನ ಮನೆ ಜಗಲಿ ಮೇಲೆ ಕೂತು ನಾಲ್ಕು ದಿನ ಕೇಳಿದ್ದೆ. ತೆಂಗಿನ ತೋಟ ಅಡವಿಡೋ ತನಕ ಹೋಗಿತ್ತು ಆ ಮಾತು.

ಒಂದೇ ಸಲ ಎರಡು ಸೀಟು ಹೇಗೆ ಸಿಗುತ್ತೆ ಅಂತ ಕೆಲವರಿಗೆ ಅನುಮಾನ ಇರಬಹುದು. ಪರೀಕ್ಷೆ ಒಂದೇ, ನೀಟ್. ಆದ್ರೆ ಸೀಟು ಹಂಚೋ ಕೌಂಟರ್ ಎರಡು. ರಾಜ್ಯದ ಕೋಟಾ ಸೀಟುಗಳನ್ನ ಮಲ್ಲೇಶ್ವರದ ಕೆಇಎ ಹಂಚುತ್ತೆ, ಡೀಮ್ಡ್ ಯೂನಿವರ್ಸಿಟಿಗಳ ಸೀಟುಗಳನ್ನ 2017ರಿಂದ ದೆಹಲಿಯ ಎಂಸಿಸಿ ಹಂಚುತ್ತೆ. ಎರಡಕ್ಕೂ ಅರ್ಜಿ ಹಾಕಿದ್ರೆ ಮೊದಲನೇ ಸುತ್ತಿನಲ್ಲಿ ಎರಡೂ ಕಡೆ ಹೆಸರು ಬರಬಹುದು. ಆಮೇಲೆ ಒಂದನ್ನ ಬಿಡಲೇಬೇಕು, ಅದಕ್ಕೆ ಕೊಡೋದು ಕೆಲವೇ ದಿನ. ನಮ್ಮ ತಂಗಿಗೆ, ಅಂದ್ರೆ ಚಿಕ್ಕಪ್ಪನ ಮಗಳಿಗೆ, ಆ ವರ್ಷ ದೀಪಾವಳಿ ಆಸುಪಾಸಿನಲ್ಲಿ ಹೀಗೇ ಆಯ್ತು. ಒಂದು, ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸೇರಿದ ಹಳೇ ಖಾಸಗಿ ಕಾಲೇಜಲ್ಲಿ ಸರ್ಕಾರಿ ಕೋಟಾದ ಸೀಟು. ಇನ್ನೊಂದು, ಹೈವೇ ಪಕ್ಕದ ಡೀಮ್ಡ್ ಕಾಲೇಜು. ಹೆಸರು ಹೇಳೋದಿಲ್ಲ, ಕೇಳಬೇಡಿ. ಮೊದಲನೆಯದರ ಇಡೀ ಕೋರ್ಸಿನ ಫೀಸು ಎರಡನೆಯದರ ಒಂದು ವರ್ಷದ ಫೀಸಿಗಿಂತ ಕಮ್ಮಿ ಇತ್ತು.

ಆದ್ರೂ ಚಿಕ್ಕಪ್ಪನ ಮನಸ್ಸೆಲ್ಲಾ ಎರಡನೆಯದರ ಮೇಲೆ. ಬ್ರೋಷರ್ ತಂದಿಟ್ಟಿದ್ರು. ಗಾಜಿನ ಕಟ್ಟಡ, ಮುಂದೆ ಹುಲ್ಲುಹಾಸು, ಎಸಿ ಹಾಸ್ಟೆಲ್ಲು. "ಮಗಳು ಡಾಕ್ಟರ್ ಆಗೋಳು ಕಣಯ್ಯ, ಆ ಹಳೇ ಬಿಲ್ಡಿಂಗಿಗೆ ಹೆಂಗೆ ಕಳಿಸೋದು?" ಅಂತ.

ನಾನು ಕೇಳಿದ್ದು ಒಂದೇ: ಎರಡನ್ನೂ ಹೋಗಿ ನೋಡ್ಕೊಂಡು ಬರೋಣ, ಆದ್ರೆ ಭಾನುವಾರ ಅಲ್ಲ, ಕೆಲಸದ ದಿನ, ಬೆಳಿಗ್ಗೆ ಹತ್ತು ಗಂಟೆಗೆ, ಯಾರಿಗೂ ಹೇಳದೆ.

ಹಳೇ ಕಾಲೇಜು ಬಸ್ ಸ್ಟ್ಯಾಂಡಿಂದ ನಡೆದು ಹೋಗೋಷ್ಟು ದೂರ. ಒಳಗೆ ಕಾಲಿಡೋಕೆ ಜಾಗ ಇಲ್ಲ. ಕೆನ್ನೆಗೆ ಟವಲ್ ಸುತ್ಕೊಂಡ ರೈತರು, ಬಾಯಿ ತೆರೆಯದ ಮಕ್ಕಳನ್ನ ಸಂಭಾಳಿಸ್ತಿರೋ ಅಮ್ಮಂದಿರು, ಎಲೆ ಅಡಿಕೆ ಹಾಕಿ ಹಾಕಿ ವಸಡು ಕಪ್ಪಾದ ಅಜ್ಜಂದಿರು. ಹತ್ತು ರೂಪಾಯಿ ಚೀಟಿ. ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷ ಆಗಿತ್ತೋ. ಹೈವೇ ಪಕ್ಕದ ಕಾಲೇಜಲ್ಲಿ ರಿಸೆಪ್ಷನಿಸ್ಟ್ ನಗುನಗ್ತಾ ನೀರು ಕೊಟ್ಲು. ಸಾಲಾಗಿ ಹೊಸಾ ಚೇರುಗಳು, ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ಹೊಳೀತಿತ್ತು. ಪೇಷಂಟುಗಳು? ನಾವು ಇದ್ದ ಒಂದೂವರೆ ಗಂಟೆಯಲ್ಲಿ ನಾನು ಎಣಿಸಿದ್ದು ಒಂಬತ್ತು ಜನ, ಅದರಲ್ಲಿ ಇಬ್ಬರು ಅಲ್ಲಿನ ಸಿಬ್ಬಂದಿಯೇ ಅನ್ನಿಸ್ತು. ಊರಿಂದ ಅಷ್ಟು ದೂರ, ಆಟೋಗೆ ದುಡ್ಡು ಕೊಟ್ಟು, ಮೇಲೆ ಕ್ಲಿನಿಕ್ಕಿನಷ್ಟೇ ಚಾರ್ಜು ಕೊಡೋಕೆ ಯಾರು ಬರ್ತಾರೆ ಹೇಳಿ?

ಎರಡೂ ಕಡೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಇಂಟರ್ನ್‌ಗಳನ್ನ ಹಿಡಿದು ಒಂದೇ ಪ್ರಶ್ನೆ ಕೇಳಿದೆ. "ಇಲ್ಲೀ ತನಕ ನೀವೇ ಕಿತ್ತಿರೋ ಹಲ್ಲು ಎಷ್ಟು?" ಹಳೇ ಕಾಲೇಜಿನ ಹುಡುಗ ನಕ್ಕುಬಿಟ್ಟ. "ಲೆಕ್ಕ ಇಟ್ಟಿಲ್ಲ ಅಣ್ಣ." ಇನ್ನೊಂದು ಕಾಲೇಜಿನ ಹುಡುಗಿ ತಕ್ಷಣ ಹೇಳಿದ್ಲು, "ಹನ್ನೊಂದು."

ಪಾಪ, ಒಂದೊಂದೂ ನೆನಪಿದೆ ಆ ಹುಡುಗಿಗೆ. ನನಗೆ ಅಲ್ಲೇ ಉತ್ತರ ಸಿಕ್ತು. ಚಿಕ್ಕಪ್ಪನಿಗೆ ಸಿಗಲಿಲ್ಲ, ಅದು ಬೇರೆ ಮಾತು.

ಬಿಡಿಎಸ್ ಅಂದ್ರೆ ಪುಸ್ತಕ ಓದೋ ಕೋರ್ಸು ಅಂತ ತಿಳ್ಕೊಂಡಿರೋರಿಗೆ ಸ್ವಲ್ಪ ವಿವರ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲನೇ ವರ್ಷ ಮೇಣದ ತುಂಡು ಕೆತ್ತಿ ಹಲ್ಲು ಮಾಡ್ತಾರೆ. ಎರಡನೇ ವರ್ಷ ಗೊಂಬೆ ತಲೆಯೊಳಗಿನ ಪ್ಲಾಸ್ಟಿಕ್ ಹಲ್ಲು ಕೊರೀತಾರೆ. ಇಷ್ಟು ಯಾವ ಕಾಲೇಜಲ್ಲಾದ್ರೂ ಹೆಚ್ಚೂಕಮ್ಮಿ ಒಂದೇ. ಮೂರನೇ ವರ್ಷದಿಂದ ನಿಜವಾದ ಬಾಯಿ. ಆ ಬಾಯಿಯಲ್ಲಿ ನಾಲಿಗೆ ಅಲ್ಲಾಡುತ್ತೆ, ಜೊಲ್ಲು ತುಂಬುತ್ತೆ, ರಕ್ತ ಬರುತ್ತೆ, ಆ ಮನುಷ್ಯನಿಗೆ ಭಯ ಇರುತ್ತೆ. ಇಂಜೆಕ್ಷನ್ ಸೂಜಿ ಎಲ್ಲಿ ಇಳಿಸಿದ್ರೆ ಕೆಳದವಡೆ ಮರಗಟ್ಟುತ್ತೆ ಅನ್ನೋದನ್ನ ಪುಸ್ತಕದಲ್ಲಿ ಚಿತ್ರ ಹಾಕಿ ತೋರಿಸಿರ್ತಾರೆ. ಆದ್ರೆ ಬೆರಳಿಗೆ ಅದು ಗೊತ್ತಾಗೋದು ಎಷ್ಟೋ ಸಲ ಇಳಿಸಿದ ಮೇಲೇನೆ.

ಅದಕ್ಕೇ ಪರೀಕ್ಷೆಗೆ ಮೊದಲು ಇಷ್ಟು ಹಲ್ಲು ಕೀಳಬೇಕು, ಇಷ್ಟು ಕ್ಲೀನಿಂಗ್, ಇಷ್ಟು ಫಿಲ್ಲಿಂಗ್, ಇಷ್ಟು ಹಲ್ಲಿನ ಸೆಟ್ಟು ಮಾಡಿರಬೇಕು ಅಂತ ಕೋಟಾ ಇರುತ್ತೆ. ಪೇಷಂಟ್ ಬರದ ಕಾಲೇಜಲ್ಲಿ ಮಕ್ಕಳು ಏನು ಮಾಡ್ತಾರೆ ಗೊತ್ತಾ? ತಾವೇ ಹುಡುಕ್ಕೊಂಡು ಹೋಗ್ತಾರೆ. ಹಾಸ್ಟೆಲ್ ಅಡುಗೆಯವರು, ಆಟೋ ಡ್ರೈವರ್ರು, ದೂರದ ನೆಂಟರು... ಬಸ್ ಚಾರ್ಜು ಕೊಟ್ಟು, ಚೀಟಿ ದುಡ್ಡೂ ತಾವೇ ಕಟ್ಟಿ ಕೂರಿಸ್ತಾರೆ. ಇನ್ಸ್‌ಪೆಕ್ಷನ್ ದಿನ ಮಾತ್ರ ಬಸ್ಸು ತುಂಬಾ ಪೇಷಂಟ್ ಬರ್ತಾರೆ ಅನ್ನೋದು ಡೆಂಟಲ್ ಹಾಸ್ಟೆಲ್‌ಗಳ ಹಳೇ ಜೋಕು. ಎಂಡಿಎಸ್ ಮಾಡೋರು ಜಾಸ್ತಿ ಇದ್ದು ಪೇಷಂಟ್ ಕಮ್ಮಿ ಇದ್ರಂತೂ ಇನ್ನೂ ಕಷ್ಟ. ಚೆನ್ನಾಗಿರೋ ಕೇಸುಗಳೆಲ್ಲಾ ಅವರ ಪಾಲು, ಬಿಡಿಎಸ್ ಮಕ್ಕಳು ಹಿಂದೆ ನಿಂತು ಇಣುಕಿ ನೋಡೋದು.

ಇಣುಕಿ ನೋಡಿ ಕಲಿತೋರ ಪೈಕಿ ನಾನೂ ಒಬ್ಬ, ಅದಕ್ಕೇ ಇಷ್ಟು ಹೇಳ್ತಿರೋದು. ಇಂಜಿನಿಯರಿಂಗ್ ಸೀಟು ಆರಿಸುವಾಗ ನಾನು ನೋಡಿದ್ದು ಕಟ್ಟಡವನ್ನೇ. ಲ್ಯಾಬ್ ಎಕ್ಸಾಮಿಗೆ ಹನ್ನೆರಡು ಪ್ರೋಗ್ರಾಂ ಬಾಯಿಪಾಠ ಮಾಡಿ ಪಾಸಾದೆ. ನಿಜವಾಗಿ ಕೋಡ್ ಬರೆಯೋದು ಕಲಿತಿದ್ದು ಕಂಪನಿಗೆ ಸೇರಿದ ಮೇಲೆ, ಅವರ ಖರ್ಚಲ್ಲಿ. ನಾನು ತಪ್ಪು ಮಾಡಿದ್ರೆ ಸರ್ವರ್ ಬೀಳುತ್ತೆ, ಮ್ಯಾನೇಜರ್ ಬೈತಾರೆ, ಹಳೇ ವರ್ಷನ್ ವಾಪಸ್ ಹಾಕ್ತೀವಿ. ಕೊರೆದ ಹಲ್ಲು ಮತ್ತೆ ಬೆಳೆಯೋದಿಲ್ಲ. ಕಾಲೇಜಲ್ಲಿ ಮೇಷ್ಟ್ರು ಪಕ್ಕದಲ್ಲಿದ್ದಾಗ ಕಲೀದೇ ಇದ್ದಿದ್ದನ್ನ ಡಾಕ್ಟರಾದ ಮೇಲೆ ಯಾರ ಬಾಯಲ್ಲಿ ಕಲಿಯೋದು? ನಿಮ್ಮ ಬಾಯಲ್ಲಾ?

ಈಗ ರ‍್ಯಾಂಕ್ ವಿಷಯಕ್ಕೆ ಬರ್ತೀನಿ. ಎನ್‌ಐಆರ್‌ಎಫ್‌ನವರು 2020ರಿಂದ ಡೆಂಟಲ್ ಕಾಲೇಜುಗಳಿಗೂ ರ‍್ಯಾಂಕ್ ಕೊಡ್ತಿದ್ದಾರೆ. ಅದರಲ್ಲಿ ಸಂಶೋಧನಾ ಲೇಖನಗಳಿಗೆ ದೊಡ್ಡ ಪಾಲು ಅಂಕ. 2023ರ ಜೂನ್‌ನಲ್ಲಿ 'ಸೈನ್ಸ್' ಪತ್ರಿಕೆ ಚೆನ್ನೈನ ಒಂದು ಡೆಂಟಲ್ ಕಾಲೇಜಿನ ಬಗ್ಗೆ ತನಿಖಾ ವರದಿ ಹಾಕಿತ್ತು. ಪದವಿ ಮಕ್ಕಳಿಂದ ಪರೀಕ್ಷೆ ಬರೆಸಿದ ಹಾಗೆ ಸಂಶೋಧನಾ ಲೇಖನ ಬರೆಸೋದು, ಆ ಲೇಖನಗಳಲ್ಲಿ ಅದೇ ಕಾಲೇಜಿನ ಬೇರೆ ಲೇಖನಗಳನ್ನ ಹೆಸರಿಸ್ತಾ ಹೋಗೋದು, ಹೀಗೆ ಲೆಕ್ಕ ಏರಿದೆ ಅನ್ನೋದು ಆ ವರದಿಯ ಸಾರ. ನಮ್ಮ ಚಿಕ್ಕಪ್ಪ ನೋಡಿದ್ದು ಆ ಕಾಲೇಜಲ್ಲ, ಎಲ್ಲಾ ಕಾಲೇಜುಗಳೂ ಹಾಗೇ ಅಂತಲೂ ನಾನು ಹೇಳ್ತಿಲ್ಲ. ನನ್ನ ತಕರಾರು ಇಷ್ಟೇ. ಮೂರನೇ ವರ್ಷದ ಹುಡುಗಿಯೊಬ್ಬಳು ತನ್ನ ಕೈಯಾರೆ ಎಷ್ಟು ಹಲ್ಲು ಕಿತ್ಲು ಅನ್ನೋದನ್ನ ರ‍್ಯಾಂಕ್ ಹೇಳೋದಿಲ್ಲ. ನಮಗೆ ಬೇಕಾಗಿದ್ದು ಅದೊಂದೇ ಆಗಿತ್ತು.

"ಮುಂದೆ ಅಮೆರಿಕಾಗೆ ಹೋಗೋದಾದ್ರೆ?" ಇದು ನ್ಯೂಜೆರ್ಸಿಯಲ್ಲಿರೋ ಚಿಕ್ಕಮ್ಮನ ತಮ್ಮ ಫೋನಲ್ಲಿ ಎತ್ತಿದ ಪ್ರಶ್ನೆ. (ಅಮೆರಿಕಾದಲ್ಲಿರೋ ನೆಂಟರೊಬ್ಬರು ಬಾಯಿ ಹಾಕದೆ ನಮ್ಮ ಕಡೆ ಯಾವ ಸೀಟೂ ತೀರ್ಮಾನ ಆಗೋದಿಲ್ಲ.) ಅಮೆರಿಕಾದ ಬಹುತೇಕ ರಾಜ್ಯಗಳಲ್ಲಿ ನಮ್ಮ ಬಿಡಿಎಸ್ ಇಟ್ಕೊಂಡು ಸೀದಾ ಹಲ್ಲು ಮುಟ್ಟೋ ಹಾಗಿಲ್ಲ. ಐಎನ್‌ಬಿಡಿಇ ಅನ್ನೋ ಪರೀಕ್ಷೆ ಪಾಸು ಮಾಡಿ, ಅಲ್ಲಿನ ಕಾಲೇಜಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ಇಲ್ಲೇ ಇರೋದಾದ್ರೆ ಗಾಜಿನ ಕಟ್ಟಡದವಳೂ ಸುಣ್ಣ ಉದುರೋ ಕಟ್ಟಡದವಳೂ ಹೋಗಿ ಹೆಸರು ಬರೆಸೋದು ಅದೇ ರಾಜ್ಯ ದಂತ ವೈದ್ಯ ಪರಿಷತ್ತಲ್ಲಿ. ಹಲ್ಲು ನೋವಂತ ಬಂದೋನು ನಿಮ್ಮದು ಡೀಮ್ಡಾ ಅಂತ ಕೇಳಲ್ಲ. ನೋಯಿಸ್ತಾರಾ ಅಂತ ಕೇಳ್ತಾನೆ.

ಇನ್ನು ದುಡ್ಡು. ನನ್ನ ಪಿಯು ಗೆಳತಿಯೊಬ್ಬಳು ಬಿಡಿಎಸ್ ಮುಗಿಸಿ ಬೇರೆಯವರ ಕ್ಲಿನಿಕ್ಕಲ್ಲಿ ಕೆಲಸಕ್ಕೆ ಸೇರಿದಾಗ ಕೊಟ್ಟ ಸಂಬಳ ತಿಂಗಳಿಗೆ ಹದಿನೈದು ಸಾವಿರ. ಸ್ವಂತ ಕ್ಲಿನಿಕ್ ಅಂದ್ರೆ ಚೇರು, ಕಂಪ್ರೆಸರ್ರು, ಎಕ್ಸ್‌ರೇ, ಅಂಗಡಿ ಅಡ್ವಾನ್ಸು. ತೋಟ ಅಡವಿಟ್ಟು ಓದಿಸಿದ್ರೆ ಕ್ಲಿನಿಕ್ಕಿಗೆ ಇನ್ನೇನು ಅಡವಿಡ್ತೀರಿ? ಚಿಕ್ಕಪ್ಪನನ್ನ ಇದನ್ನ ಕೇಳಿದಾಗ ಮಾತ್ರ ಅವರು ಸುಮ್ಮನಾದ್ರು. ಕಲಿಕೆ ಬಗ್ಗೆ ನಾನು ಕೊಟ್ಟ ಭಾಷಣಕ್ಕೆಲ್ಲಾ ಅವರು ಜಗ್ಗಿರಲಿಲ್ಲ.

ಅಂದಹಾಗೆ ಕಟ್ಟಡದ ಮಾತು ಬಂತಲ್ಲ, ಭಾರತದ ಮೊದಲ ಡೆಂಟಲ್ ಕಾಲೇಜನ್ನ 1920ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದ್ದು ಡಾ. ರಫಿಯುದ್ದೀನ್ ಅಹ್ಮದ್. ಅದಕ್ಕೆ ದುಡ್ಡು ಹೊಂದಿಸೋಕೆ ಅವರು ನಡೆಸಿದ್ದು ನ್ಯೂಯಾರ್ಕ್ ಸೋಡಾ ಫೌಂಟನ್ ಅನ್ನೋ ಅಂಗಡಿ. ಹಲ್ಲು ಹಾಳು ಮಾಡೋ ಸೋಡಾ ಮಾರಿ ಹಲ್ಲಿನ ಕಾಲೇಜು :)

ಹಳೇ ಕಾಲೇಜು ಸ್ವರ್ಗ ಅಂತ ನಾನು ಹೇಳಿದ್ರೆ ತಂಗಿ ನನ್ನನ್ನ ಹೊಡೀತಾಳೆ. ಸೇರಿದ್ದು ಅಲ್ಲಿಗೇ. ಕಂಪ್ರೆಸರ್ ಕೆಟ್ರೆ ಇಡೀ ಸಾಲು ಚೇರು ನಿಂತುಹೋಗುತ್ತೆ. ಏರೋಟಾರ್, ಕನ್ನಡಿ, ಇಕ್ಕಳ ಎಲ್ಲಾ ಸ್ವಂತ ದುಡ್ಡಲ್ಲಿ ಕೊಳ್ಳಬೇಕು. ಜನ ಜಾಸ್ತಿ ಇದ್ದಾಗ ಮೇಷ್ಟ್ರಿಗೆ ನಿಂತು ಹೇಳಿಕೊಡೋ ಪುರುಸೊತ್ತಿಲ್ಲ, ತಪ್ಪು ಮಾಡಿದ ಮೇಲೆ ಬಂದು ಬೈತಾರೆ. ಕ್ಯೂ ಇದ್ರೆ ಸಾಲದು, ಉಪಕರಣಗಳನ್ನ ಒತ್ತಡದ ಹಬೆಯಲ್ಲಿ ಶುದ್ಧ ಮಾಡೋ ಆಟೋಕ್ಲೇವ್ ಸರಿಯಾಗಿ ಓಡುತ್ತಾ ಅಂತಲೂ ನೋಡಬೇಕಿತ್ತು, ಅದನ್ನ ನಾನು ನೋಡಿರಲಿಲ್ಲ. ಅವಳು ಸೇರಿದ ಮೇಲೆ ಕೇಳಿದೆ, ಅದೃಷ್ಟಕ್ಕೆ ಓಡುತ್ತೆ. ಮೊದಲನೇ ವರ್ಷ ಪೂರ್ತಿ ಹಾಸ್ಟೆಲ್ ಬಾತ್‌ರೂಮಿನ ವಿಷಯಕ್ಕೆ ಚಿಕ್ಕಮ್ಮ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ.

ಹೋದ ಯುಗಾದಿಗೆ ಊರಿಗೆ ಹೋದಾಗ ಪಕ್ಕದ ಮನೆಯವರೊಬ್ಬರು ಕೆನ್ನೆ ಊದಿಸ್ಕೊಂಡು ಬಂದ್ರು. ತಂಗಿ ಅವರನ್ನ ಬಿಸಿಲಿಗೆ ತಿರುಗಿಸಿ ಕೂರಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿದ್ಲು. ಎರಡು ಪ್ರಶ್ನೆ ಕೇಳಿದ್ಲು. "ಇದು ಮಾತ್ರೇಲಿ ಹೋಗಲ್ಲ, ನಾಳೆ ನನ್ನ ಜೊತೆ ಬನ್ನಿ, ಇವತ್ತು ರಾತ್ರಿ ಬಾಯಿ ತೆಗೆಯೋಕಾಗ್ಲಿಲ್ಲ, ನುಂಗೋಕಾಗ್ಲಿಲ್ಲ ಅಂದ್ರೆ ಕಾಯಬೇಡಿ, ಸೀದಾ ದೊಡ್ಡಾಸ್ಪತ್ರೆ" ಅಂದ್ಲು. ಧ್ವನಿ ಸ್ವಲ್ಪವೂ ನಡುಗಲಿಲ್ಲ. ಚಿಕ್ಕಪ್ಪ ಜಗಲಿ ಮೇಲೆ ಪೇಪರ್ ಓದೋರ ಹಾಗೆ ಕೂತಿದ್ರು. ಪೇಪರ್ ತಲೆಕೆಳಗೆ ಇತ್ತೋ ಏನೋ, ನಾನು ನೋಡೋಕೆ ಹೋಗಲಿಲ್ಲ.

ಆ ಹುಡುಗನಿಗೂ ಇದನ್ನೇ ಹೇಳಿದೀನಿ. ತಂಗಿಗೆ ಎರಡು ಸೀಟು ಬಂದ್ರೆ ರಜೆ ಹಾಕಿ ಎರಡೂ ಕಡೆ ಹೋಗು, ಓಪಿಡಿಯಲ್ಲಿ ಎರಡು ಗಂಟೆ ಕೂತ್ಕೋ, ಆಮೇಲೆ ಟೀ ಅಂಗಡಿ. ಹಲ್ಲಿನ ಲೆಕ್ಕ ಯಾರಿಗೆ ಬಾಯಿಪಾಠ ಇದೆಯೋ ಆ ಕಾಲೇಜು ಬೇಡ ಅಂತ.

ಕೊನೆಗೆ ನನ್ನದೊಂದು ಸ್ವಾರ್ಥ. ಪೂರ್ತಿ ಹಲ್ಲಿನ ಸೆಟ್ಟಿಗೆ ಐದಾರು ಸಲ ಬರಬೇಕಾಗುತ್ತೆ. ಅಳತೆ, ಮತ್ತೆ ಅಳತೆ, ಕಚ್ಚಿಸಿ ನೋಡೋದು, ಮೇಣದ ಮೇಲೆ ಜೋಡಿಸಿ ನೋಡೋದು, ಆಮೇಲೆ ಸೆಟ್ಟು ಕೊಡೋದು. ತಂಗಿಯ ಪೇಷಂಟ್ ಒಬ್ಬರು ಮೂರನೇ ಸಲಕ್ಕೆ ಬಂದು ಆಮೇಲೆ ನಾಪತ್ತೆ. ಒಂದೂ ಹಲ್ಲಿಲ್ಲದ, ತಾಳ್ಮೆ ಇರೋ ಅಜ್ಜ ಅಜ್ಜಿ ಯಾರಾದ್ರೂ ನಿಮಗೆ ಗೊತ್ತಿದ್ರೆ ಕಾಮೆಂಟಲ್ಲಿ ತಿಳಿಸಿ. ಊರು ಯಾವುದು ಅಂತ ಆಮೇಲೆ ಹೇಳ್ತೀನಿ. ಬಸ್ ಚಾರ್ಜು ನಾನು ಕೊಡ್ತೀನಿ, ತಿಂಡಿ ಅವಳು ಕೊಡಿಸ್ತಾಳಂತೆ. ಮೆತ್ತಗಿರೋ ಇಡ್ಲಿ.