ರಸಾಯನಶಾಸ್ತ್ರದ ಪದವೀಧರೆಯಿಂದ ನಾವು ಅಪೇಕ್ಷಿಸುವುದೇನು?

ನಮ್ಮ ಶಾಲೆಯನ್ನು ಬಿಟ್ಟ ಹೆಣ್ಣುಮಕ್ಕಳು ಕಾಲೇಜನ್ನು ಸೇರಿ ರಸಾಯನಶಾಸ್ತ್ರದಲ್ಲಿ ಪದವಿಯನ್ನು ಪಡೆಯುವುದು ಈಗ ಸೋಜಿಗದ ಸಂಗತಿಯಲ್ಲ. ಹಿಂದೆ ಹೀಗಿರಲಿಲ್ಲ. 1933ರಲ್ಲಿ ಕಮಲಾ ಭಾಗವತ್ ಅವರು, ಎಂದರೆ ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶವನ್ನು ಕೋರಿದಾಗ, ಸ್ತ್ರೀಯೆಂಬ ಕಾರಣದಿಂದಲೇ ಅವರಿಗೆ ಮೊದಲು ಪ್ರವೇಶವು ದೊರೆಯಲಿಲ್ಲ. ಪಟ್ಟುಹಿಡಿದು ಒಳಹೊಕ್ಕ ಅವರು 1939ರಲ್ಲಿ ಕೇಂಬ್ರಿಡ್ಜಿನ ಡಾಕ್ಟರೇಟನ್ನು ಸಂಪಾದಿಸಿದರು. ಬಾಗಿಲೇನೋ ತೆರೆಯಿತು, ಒಳಹೋದವರು ಏನನ್ನು ಕಲಿತು ಹೊರಬರುತ್ತಾರೆಂಬುದು ಈಗಿನ ಪ್ರಶ್ನೆ. ಅಂಕಪಟ್ಟಿಯೊಂದೇ ಇದಕ್ಕೆ ಉತ್ತರವಾಗಲಾರದೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಅವಳ ಕೈ ಪಳಗಿರಬೇಕು. ತಕ್ಕಡಿಯಲ್ಲಿ ಸರಿಯಾಗಿ ತೂಗಿ, ಗೊತ್ತಾದ ಪ್ರಮಾಣದ ದ್ರಾವಣವನ್ನು ತಾನೇ ಸಿದ್ಧಪಡಿಸಬೇಕು. ನೀರಿಗೆ ಆಮ್ಲವನ್ನು ಸುರಿಯಬೇಕಲ್ಲದೆ ಆಮ್ಲಕ್ಕೆ ನೀರನ್ನಲ್ಲವೆಂಬುದು ಅಭ್ಯಾಸವೇ ಆಗಿರಬೇಕು.

ಎರಡನೆಯದು ಸತ್ಯನಿಷ್ಠೆ. ಕಂಡುದನ್ನು ಕಂಡಂತೆಯೇ ಬರೆಯಬೇಕು. ಮೂರು ಅಳತೆಗಳು ಒಂದಕ್ಕೊಂದು ಹೊಂದದಿದ್ದರೆ ಕಾರಣವನ್ನು ಹುಡುಕಬೇಕೇ ಹೊರತು, ನೆರೆಯವಳ ಪುಸ್ತಕವನ್ನು ನೋಡಿ ತಿದ್ದಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ನಿಯಮ. ಪಾವಗಡ, ಕೋಲಾರಗಳ ಕಡೆ ಎಷ್ಟೋ ಕೊಳವೆಬಾವಿಗಳ ನೀರು ಇದನ್ನು ಮೀರಿರುವುದುಂಟು. ಅಲ್ಲಿ ಸುಳ್ಳು ಅಂಕಿಯನ್ನು ಬರೆದರೆ ಕೆಡುವುದು ಪುಸ್ತಕವಲ್ಲ, ಮಕ್ಕಳ ಹಲ್ಲು ಮತ್ತು ಮೂಳೆ.

ಮೂರನೆಯದು, ತಿಳಿದುದನ್ನು ತಿಳಿಯಹೇಳುವ ಶಕ್ತಿ. 1937ರಲ್ಲಿ ನಮ್ಮ ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು 1962ರ ಮಹಾಚುನಾವಣೆಯಿಂದ ಮೊದಲ್ಗೊಂಡು ಮತದಾರರ ಬೆರಳಿಗೆ ಹಚ್ಚುವ ಶಾಯಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮದ ಉಪ್ಪಿನೊಡನೆ ಕೂಡಿ, ಬೆಳಕಿಗೆ ಕಪ್ಪಾಗಿ, ಸಾಬೂನಿಗೂ ಜಗ್ಗದೆ ನಿಲ್ಲುತ್ತದೆ. ಇದೇ ವಸ್ತುವಿನ ದ್ರಾವಣವನ್ನು ಬ್ಯೂರೆಟ್ಟಿಗೆ ತುಂಬಿ ವಿದ್ಯಾರ್ಥಿನಿಯು ಬಾವಿಯ ನೀರಿನ ಕ್ಲೋರೈಡನ್ನು ಅಳೆಯುತ್ತಾಳೆ. ಸಮೀಕರಣವನ್ನು ತಪ್ಪಿಲ್ಲದೆ ಒಪ್ಪಿಸುವವಳು, ತನ್ನ ಅಜ್ಜಿಯ ಬೆರಳಿನ ಕಲೆ ಏಕೆ ಹೋಗದೆಂದು ಕನ್ನಡದಲ್ಲಿ ಹೇಳಲಾರದೆ ಹೋದರೆ, ಆ ವಿದ್ಯೆಯನ್ನು ಪೂರ್ಣವೆನ್ನಬಹುದೇ?

ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳನ್ನು “ಎಷ್ಟು ಅಂಕ ಬಂತು?” ಎಂದು ಕೇಳುವುದರೊಡನೆ “ಇಂದು ಏನನ್ನು ಅಳೆದೆ? ಅದು ಸರಿಯೆಂದು ಹೇಗೆ ಬಲ್ಲೆ?” ಎಂದೂ ಕೇಳಿರಿ. ಪ್ರಯೋಗಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು, ತಮ್ಮ ಕೆಲಸವನ್ನು ಕಿರಿಯರಿಗೆ ಮಾಡಿ ತೋರಿಸಲಿ.